ಅನ್ನ ಬಿಟ್ಟು ಮುದ್ದೆ ಹಿಡಿದರೂ ಊಟದ ನಂತರದ ಶುಗರ್ ಇಳಿಯುತ್ತಿಲ್ಲ, ಏನು ಮಾಡಲಿ?

ನೀವು ಬರೆದಿರುವುದು ಇಷ್ಟು: ವಯಸ್ಸು 42, ಕೂತು ಮಾಡುವ ಕೆಲಸ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತಪರೀಕ್ಷೆ) 7.6. ಡಾಕ್ಟರು ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ಕೊಟ್ಟಿದ್ದಾರೆ. ಅನ್ನ ಪೂರ್ತಿ ಬಿಟ್ಟು ಮಧ್ಯಾಹ್ನ ಎರಡು ಮುದ್ದೆ, ಕಾಫಿಗೆ ಸಕ್ಕರೆ ಬದಲು ಬೆಲ್ಲ, ಬೆಳಿಗ್ಗೆ ಒಂದು ಗಂಟೆ ವಾಕಿಂಗ್. ಆದರೂ ಊಟವಾಗಿ ಎರಡು ಗಂಟೆಗೆ 230 ತೋರಿಸುತ್ತಿದೆ.

ನಾನು ಡಾಕ್ಟರ್ ಅಲ್ಲ. ತುಮಕೂರಿನಲ್ಲಿ ಆಫೀಸ್ ಕೆಲಸ, ಶುಗರ್ ಬಂದು ಹತ್ತು ವರ್ಷದ ಮೇಲಾಯಿತು. ಮಾತ್ರೆ ವಿಚಾರ ನಿಮ್ಮ ಡಾಕ್ಟರಿಗೇ ಬಿಡಿ. ಊಟ, ನಡಿಗೆಯ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಮುದ್ದೆ. ರಾಗಿ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆದರೆ ಅದೇ 100 ಗ್ರಾಂ ರಾಗಿಯಲ್ಲಿ ಕಾರ್ಬೋಹೈಡ್ರೇಟ್ ಸುಮಾರು 67 ಗ್ರಾಂ ಇದೆ, ಅಕ್ಕಿಯಲ್ಲಿ 78. ವ್ಯತ್ಯಾಸ ಇಷ್ಟೇ. ಹೊಟ್ಟೆಗೆ ಹೋದ ಮೇಲೆ ಇದೆಲ್ಲ ಗ್ಲೂಕೋಸೇ. ಅದರ ಮೇಲೆ ಮುದ್ದೆ ಅಂದರೆ ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿ, ಅಗಿಯದೆ ನುಂಗುವ ಪದಾರ್ಥ. ಬೇಗ ಜೀರ್ಣವಾಗುತ್ತದೆ. ರಾಗಿ ಅಂಬಲಿ, ರಾಗಿ ಮಾಲ್ಟ್ ಇನ್ನೂ ಬೇಗ.

ಮುದ್ದೆಯ ಗಾತ್ರ ಮನೆಗೊಂದು, ಹೋಟೆಲಿಗೊಂದು. ಒಂದು ದಿನ ಹಿಟ್ಟು ಹಾಕುವ ಮೊದಲು ತೂಕ ಮಾಡಿ ನೋಡಿ. ಒಂದು ಮುದ್ದೆಗೆ 80 ಗ್ರಾಂ ಹಿಟ್ಟು ಅಂದುಕೊಂಡರೂ 50 ಗ್ರಾಂಗೂ ಜಾಸ್ತಿ ಕಾರ್ಬೋಹೈಡ್ರೇಟ್ ಆಯಿತು. ಎರಡು ಮುದ್ದೆಗೆ ನೂರು ದಾಟಿತು. ಅಷ್ಟನ್ನು ಒಂದೇ ಊಟದಲ್ಲಿ ಇಳಿಸಿಕೊಂಡು ಹೋಗಿ ಕುರ್ಚಿಯಲ್ಲಿ ಕೂತರೆ 230 ಬರದೆ ಇನ್ನೇನು ಬರುತ್ತದೆ? ನಮ್ಮ ತಾತ ಮೂರು ಮುದ್ದೆ ತಿಂದು ಗಟ್ಟಿಮುಟ್ಟಾಗಿದ್ದರು ಅಂತ ಎಲ್ಲರ ಮನೆಯಲ್ಲೂ ಹೇಳುತ್ತಾರೆ. ನಿಜ. ತಾತ ಕೈ ತೊಳೆದುಕೊಂಡು ಹೊಲಕ್ಕೆ ಹೋಗುತ್ತಿದ್ದರು, ಅಲ್ವಾ?

ಹಾಗಾಗಿ ಅನ್ನವೋ ಮುದ್ದೆಯೋ ಚಪಾತಿಯೋ ಅನ್ನುವ ಜಗಳ ಬಿಡಿ. ಎಷ್ಟು ತಿಂದಿರಿ, ಅದರ ಜೊತೆ ಏನು ತಿಂದಿರಿ, ತಿಂದ ಮೇಲೆ ಏನು ಮಾಡಿದಿರಿ ಅನ್ನುವುದನ್ನು ನೋಡಿ. ನಿಮಗೆ ಅನ್ನ ಇಷ್ಟವಾದರೆ ಒಂದು ಸಣ್ಣ ಬಟ್ಟಲು ತಿನ್ನಿ, ಆದರೆ ಅದು ಮುದ್ದೆಯ ಬದಲಿಗೆ, ಮುದ್ದೆಯ ಮೇಲೆ ಅಲ್ಲ.

ನಮ್ಮ ಕಡೆ ಬಸ್ಸಾರು ಮಾಡಿದ ದಿನ ಏನಾಗುತ್ತದೆ ನೋಡಿ. ಸೊಪ್ಪು, ಕಾಳು ಬೇಯಿಸಿ ಕಟ್ಟು ಬಸಿದುಕೊಳ್ಳುತ್ತೇವೆ. ಆ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಬಸಿದ ಸೊಪ್ಪು, ಕಾಳು ಒಗ್ಗರಣೆಯಾಗಿ ಪಲ್ಯ. ನಾರು, ಪ್ರೋಟೀನ್ ಹೆಚ್ಚಿರುವುದು ಆ ಪಲ್ಯದಲ್ಲಿ. ನಾವು ಮಾಡುವುದೇನು? ಸಾರಿನಲ್ಲಿ ಎರಡು ಮುದ್ದೆ ಮುಗಿಸಿ, ಪಲ್ಯವನ್ನು ನಂಚಿಕೊಳ್ಳಲು ಒಂದು ಚಮಚ ಬಡಿಸಿಕೊಳ್ಳುತ್ತೇವೆ. ಇದನ್ನು ಉಲ್ಟಾ ಮಾಡಿ. ಮೊದಲು ಪಲ್ಯವನ್ನೇ ಒಂದು ದೊಡ್ಡ ಬಟ್ಟಲು ತಿನ್ನಿ, ಆಮೇಲೆ ಒಂದು ಸಣ್ಣ ಮುದ್ದೆ. ಸೊಪ್ಪು, ಕಾಳು ಮೊದಲು ಹೋದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಶುಗರ್ ಒಮ್ಮೆಲೇ ಏರುವುದಿಲ್ಲ. ಬೇಗ ಹೊಟ್ಟೆ ತುಂಬುವುದರಿಂದ ಎರಡನೇ ಮುದ್ದೆಗೆ ಕೈ ಹೋಗುವುದೂ ಕಡಿಮೆ. ಪಲ್ಯ ಇಲ್ಲದ ದಿನ ಹೆಸರುಬೇಳೆ ಕೋಸಂಬರಿ, ಮೊಳಕೆ ಹುರುಳಿ, ಮೊಟ್ಟೆ ಯಾವುದಾದರೂ ಸರಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಕಾಳು, ಮೊಟ್ಟೆ ಎಷ್ಟು ತಿನ್ನಬೇಕು ಅಂತ ಡಾಕ್ಟರನ್ನು ಕೇಳಿಕೊಳ್ಳಿ.

ತಿಂಡಿಗೂ ಇದೇ ಲೆಕ್ಕ. ಚಟ್ನಿ ಜೊತೆ ನಾಲ್ಕು ಇಡ್ಲಿಗಿಂತ, ತರಕಾರಿ ತುಂಬಿದ ಸಾಂಬಾರ್ ಜೊತೆ ಎರಡು ಇಡ್ಲಿ ವಾಸಿ. ಚೌಚೌ ಬಾತನ್ನು ಮರೆತುಬಿಡಿ.

ಬೆಲ್ಲದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಲ್ಲದಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ. ಜೇನುತುಪ್ಪವೂ ಬೇಡ. ಹಣ್ಣು ತಿನ್ನಿ, ಜ್ಯೂಸ್ ಕುಡಿಯಬೇಡಿ.

ಈಗ ವಾಕಿಂಗ್. ಬೆಳಗಿನದ್ದನ್ನು ಬಿಡಬೇಡಿ. ಹೃದಯಕ್ಕೆ, ತೂಕಕ್ಕೆ, ಒಟ್ಟಾರೆ ಶುಗರಿಗೆ ಅದು ಬೇಕೇ ಬೇಕು. ಆದರೆ ನಿಮ್ಮ ತಲೆನೋವು ಮಧ್ಯಾಹ್ನದ 230. ಅದಕ್ಕೆ ಮಧ್ಯಾಹ್ನವೇ ನಡೆಯಬೇಕು. ಊಟ ಮುಗಿಸಿ ಕೂರುವ ಮೊದಲು ಹತ್ತು ಹದಿನೈದು ನಿಮಿಷ ಓಡಾಡಿ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೂ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ನಾನು ಆಫೀಸಿನ ಕಾರಿಡಾರಿನಲ್ಲೇ ಆ ಕಡೆಯಿಂದ ಈ ಕಡೆಗೆ ನಡೆಯುತ್ತೇನೆ. ಬರುವ ಫೋನ್‌ಗಳನ್ನೆಲ್ಲ ಆಗಲೇ ಮುಗಿಸುತ್ತೇನೆ. ಶುರುವಿನಲ್ಲಿ ಜನ ನಗುತ್ತಿದ್ದರು, ಈಗ ಇಬ್ಬರು ಜೊತೆಗೆ ಬರುತ್ತಾರೆ.

ವಾರಕ್ಕೆ ಒಟ್ಟು 150 ನಿಮಿಷ ಚುರುಕಾದ ನಡಿಗೆ ಆಗಬೇಕು ಅನ್ನುತ್ತಾರೆ, ನಿಮ್ಮದು ಆಗುತ್ತಿದೆ. ನೀವು ಸೇರಿಸಿಕೊಳ್ಳಬೇಕಾದದ್ದು ಸ್ನಾಯು ಗಟ್ಟಿ ಮಾಡುವ ಕೆಲಸ. ವಾರಕ್ಕೆ ಎರಡು ಮೂರು ದಿನ ಸಾಕು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ಪುಶ್‌ಅಪ್ ಮಾಡುವುದು, ಇಷ್ಟಕ್ಕೆ ಜಿಮ್ ಬೇಡ. ಮಾಡುವಾಗ ಎದೆ ಹಿಡಿದಂತಾದರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಇನ್ನೊಂದು ಮಾತು. ಪಾರ್ಕಿನಲ್ಲಿ ಯಾರಾದರೂ ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದರೆ ಶುಗರ್ ಹೋಗುತ್ತದೆ ಅಂದರೆ ಕೇಳಬೇಡಿ. ಶುಗರಿನವರಿಗೆ ಪಾದದ ಸ್ಪರ್ಶ ಮಂದವಾಗಿರಬಹುದು, ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಶೂ ಹಾಕಿಕೊಂಡೇ ನಡೆಯಿರಿ.

ಇದನ್ನೆಲ್ಲ ನನ್ನ ಮಾತು ನಂಬಿ ಮಾಡಬೇಡಿ, ಗ್ಲೂಕೋಮೀಟರ್ ಇದೆಯಲ್ಲ. ಊಟಕ್ಕೆ ಮೊದಲು ಒಂದು ಸಲ, ಮೊದಲ ತುತ್ತಿನಿಂದ ಎರಡು ಗಂಟೆ ಲೆಕ್ಕ ಹಿಡಿದು ಇನ್ನೊಂದು ಸಲ ನೋಡಿ. ಒಂದು ದಿನ ಎರಡು ಮುದ್ದೆ, ಇನ್ನೊಂದು ದಿನ ಅದೇ ಸಾರಿನಲ್ಲಿ ಒಂದು ಮುದ್ದೆ ಮತ್ತು ಪಲ್ಯ, ಮತ್ತೊಂದು ದಿನ ಅದೇ ಊಟದ ಜೊತೆಗೆ ನಡಿಗೆ. ಒಂದೊಂದೇ ಬದಲಾಯಿಸಿದರೆ ಯಾವುದರಿಂದ ಎಷ್ಟು ಇಳಿಯಿತು ಅಂತ ಗೊತ್ತಾಗುತ್ತದೆ. ಚುಚ್ಚುವ ಮೊದಲು ಕೈ ತೊಳೆದು ಒರೆಸಿಕೊಳ್ಳಿ. ಬಾಳೆಹಣ್ಣು ಸುಲಿದ ಬೆರಳಲ್ಲಿ ನೋಡಿದರೆ ಸುಳ್ಳು ನಂಬರ್ ಬರುತ್ತದೆ. ಸಾಮಾನ್ಯವಾಗಿ ಊಟಕ್ಕೆ ಮೊದಲು 80ರಿಂದ 130, ಊಟದ ನಂತರ 180ರ ಒಳಗೆ ಇರಲಿ ಅನ್ನುತ್ತಾರೆ. ನಿಮ್ಮ ಗುರಿ ಎಷ್ಟು ಅಂತ ಡಾಕ್ಟರನ್ನು ಕೇಳಿ, ಬರೆದಿಟ್ಟ ಚೀಟಿಯನ್ನೂ ಅವರಿಗೆ ತೋರಿಸಿ.

ಮೆಟ್‌ಫಾರ್ಮಿನ್ ಒಂದರಿಂದಲೇ ಶುಗರ್ ತೀರಾ ಕೆಳಗೆ ಬೀಳುವುದು ಅಪರೂಪ. ಆದರೆ ಮುಂದೆ ಶುಗರನ್ನು ತೀರಾ ಇಳಿಸಿಬಿಡಬಹುದಾದ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಕೊಟ್ಟರೆ, ಊಟ ಕಡಿಮೆ ಮಾಡಿರುವುದನ್ನು ತಪ್ಪದೆ ಹೇಳಿ. ಕೈ ನಡುಕ, ಬೆವರು ಬಂದು ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಆಗ ಪಥ್ಯ ಅಂತ ಕೂರಬಾರದು.

ನಾಲ್ಕು ದಿನ ನಂಬರ್ ಚೆನ್ನಾಗಿ ಬಂತು ಅಂತ ಮಾತ್ರೆ ನಿಲ್ಲಿಸಬೇಡಿ. ಎಚ್‌ಬಿಎ1ಸಿಯನ್ನೂ ಮುಂದಿನ ತಿಂಗಳೇ ಮಾಡಿಸಬೇಡಿ. ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ, ಮೂರು ತಿಂಗಳಾದ ಮೇಲೆ ಮಾಡಿಸಿ. ಅಲ್ಲಿಯವರೆಗೆ ಆ ದುಡ್ಡಲ್ಲಿ ಗ್ಲೂಕೋಮೀಟರ್ ಸ್ಟ್ರಿಪ್ ತಗೊಳ್ಳಿ.