939 ವೋಟಿಗೆ ಗೆಲುವು, 3 ಸಾವಿರಕ್ಕೆ ಸೋಲು: ಡಬ್ಲಿನ್ ಸೆಂಟ್ರಲ್ ಕ್ಷೇತ್ರದ ಲೆಕ್ಕ

ನೀವು ಕೇಳಿದ್ದು ಇಷ್ಟು: "ಐರ್ಲೆಂಡಿನ ಡಬ್ಲಿನ್ ಸೆಂಟ್ರಲ್ ಕ್ಷೇತ್ರದಲ್ಲಿ 2007ರಲ್ಲಿ 939 ವೋಟು ಪಡೆದವರು ಗೆದ್ದರಂತೆ. 2024ರಲ್ಲಿ 3 ಸಾವಿರ ದಾಟಿದವರು ಸೋತರಂತೆ. ಇದು ಮೋಸ ಅಲ್ವಾ? ಅಲ್ಲಿರುವ ಕನ್ನಡಿಗರು ಯಾರಾದರೂ ಹೇಳ್ತೀರಾ?"

ನಾನು ಅದೇ ಕ್ಷೇತ್ರದಲ್ಲಿದ್ದೇನೆ. ಎಂಟು ವರ್ಷದಿಂದ ಫಿಬ್ಸ್‌ಬರೋದಲ್ಲಿ ಬಾಡಿಗೆ ಮನೆ. ಎರಡೂ ಸಂಗತಿ ನಿಜ. ಮೋಸ ಮಾತ್ರ ಅಲ್ಲ. ನಾನು ಬಂದ ಹೊಸದರಲ್ಲಿ ಹಾಗೇ ಅಂದುಕೊಂಡಿದ್ದೆ.

ಮೊದಲು ಜಾಗದ ಬಗ್ಗೆ ಒಂದು ಮಾತು. ಲಿಫಿ ನದಿಯ ಉತ್ತರ ದಂಡೆಯ ಹಳೇ ಊರು ಇದು. ಓಕಾನೆಲ್ ಸ್ಟ್ರೀಟ್, ಮೌಂಟ್‌ಜಾಯ್ ಜೈಲು, ಮೇಟರ್ ಆಸ್ಪತ್ರೆ, ಕ್ರೋಕ್ ಪಾರ್ಕ್ ಸ್ಟೇಡಿಯಂ ಎಲ್ಲ ಇದರೊಳಗೇ. ಹಡಗುಕಟ್ಟೆ ಕಡೆ ಹೋದರೆ ಬ್ಯಾಂಕುಗಳ ಗಾಜಿನ ಕಟ್ಟಡಗಳ ಸಾಲು. ಅದರ ಬೆನ್ನಿಗೇ ಶೆರಿಫ್ ಸ್ಟ್ರೀಟ್, ತಲೆಮಾರುಗಳಿಂದ ಬಡತನ ಕಂಡ ಬೀದಿ. ನಡುವೆ ಐದು ನಿಮಿಷದ ನಡಿಗೆ ಅಷ್ಟೇ.

ಈಗ ಲೆಕ್ಕಕ್ಕೆ ಬರೋಣ. ಇಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬ ಸಂಸದ ಅಂತಿಲ್ಲ. ಡಬ್ಲಿನ್ ಸೆಂಟ್ರಲ್‌ಗೆ ಈಗ ನಾಲ್ಕು ಸೀಟು. ಸಂಸದರನ್ನು ಟಿ.ಡಿ. ಅನ್ನುತ್ತಾರೆ. ಮತಪತ್ರದಲ್ಲಿ ಎಲ್ಲರ ಹೆಸರು, ಫೋಟೊ ಇರುತ್ತದೆ. ನೀವು ಪೆನ್ಸಿಲಿನಲ್ಲಿ 1, 2, 3 ಅಂತ ಇಷ್ಟದ ಪ್ರಕಾರ ಬರೆಯುತ್ತಾ ಹೋಗಬೇಕು. ನಮ್ಮ ರಾಜ್ಯಸಭೆ ಚುನಾವಣೆ ನೋಡಿದವರಿಗೆ ಇದು ಹೊಸದಲ್ಲ. 2022ರಲ್ಲಿ ಕರ್ನಾಟಕದಲ್ಲಿ ನಾಲ್ಕು ಸೀಟು, 224 ಶಾಸಕರು, ಗೆಲ್ಲಲು 45 ಮತ ಅಂತ ಟಿವಿಯಲ್ಲಿ ದಿನವಿಡೀ ಕೂಡಿ ಕಳೆಯುತ್ತಿದ್ದರು, ನೆನಪಿದೆಯಾ? ಬಿಜೆಪಿಯ ಮೂರನೇ ಅಭ್ಯರ್ಥಿ 45 ಮುಟ್ಟದೆಯೂ ಗೆದ್ದರು. ಅದೇ ಪದ್ಧತಿ ಇದು. ಅಲ್ಲಿ ಶಾಸಕರು ಮಾಡುವುದನ್ನು ಇಲ್ಲಿ ರಸ್ತೆ ಮೇಲಿನ ಜನ ಮಾಡುತ್ತಾರೆ.

ಒಟ್ಟು ಮತವನ್ನು ಸೀಟಿಗಿಂತ ಒಂದು ಜಾಸ್ತಿಯಿಂದ ಭಾಗಿಸಿ, ಬಂದದ್ದಕ್ಕೆ ಒಂದು ಸೇರಿಸಿದರೆ ಕೋಟಾ ಸಿಗುತ್ತದೆ. ನಾಲ್ಕು ಸೀಟಾದರೆ ಐದರಲ್ಲಿ ಒಂದು ಪಾಲು. ಕೋಟಾ ದಾಟಿದವರು ಗೆದ್ದರು. ಅವರಿಗೆ ಮಿಕ್ಕ ಮತ ಆ ಮತದಾರರ ಮುಂದಿನ ಆಯ್ಕೆಗೆ ಹೋಗುತ್ತದೆ. ಯಾರೂ ದಾಟದಿದ್ದರೆ ಕೊನೆಯವರನ್ನು ತೆಗೆದು, ಅವರ ಮತಗಳನ್ನೂ ಹಾಗೇ ಹಂಚುತ್ತಾರೆ.

2007ರಲ್ಲಿ ಬರ್ಟಿ ಅಹರ್ನ್ ಪ್ರಧಾನಿ. ಇದೇ ಕ್ಷೇತ್ರದವರು. ಅವರಿಗೆ ಮೊದಲ ಪ್ರಾಶಸ್ತ್ಯದಲ್ಲೇ, ಅಂದರೆ 1 ಬರೆದವರಿಂದಲೇ, 12,734 ಮತ ಬಂತು. ಕೋಟಾ 7 ಸಾವಿರದ ಹತ್ತಿರ ಇತ್ತು. ಅಂದರೆ ಐದು ಸಾವಿರಕ್ಕೂ ಜಾಸ್ತಿ ಮತ ಸುಮ್ನೆ ಮಿಕ್ಕಿತ್ತು. ಅವರ ಫಿಯಾನಾ ಫಾಲ್ ಪಕ್ಷದಿಂದ ಇನ್ನೂ ಇಬ್ಬರು ನಿಂತಿದ್ದರು. ಸಿಪ್ರಿಯನ್ ಬ್ರೇಡಿಗೆ 939 ಮತ. ಮೇರಿ ಫಿಟ್ಜ್‌ಪ್ಯಾಟ್ರಿಕ್‌ಗೆ ಅದಕ್ಕಿಂತ ಜಾಸ್ತಿಯೇ ಬಂದಿತ್ತು. ಆದರೆ ಮತದಾನದ ಮುಂಚೆ ಬರ್ಟಿ ಕಡೆಯವರು ಮನೆಮನೆಗೆ ಪತ್ರ ಹಾಕಿದ್ದರು. ಒಂದು ಬರ್ಟಿಗೆ, ಎರಡು ಬ್ರೇಡಿಗೆ, ಮೂರು ಫಿಟ್ಜ್‌ಪ್ಯಾಟ್ರಿಕ್‌ಗೆ ಅಂತ. ಜನ ಮಾತು ಕೇಳಿದರು. ಮಿಕ್ಕ ಮತ ಬ್ರೇಡಿ ಕಡೆ ಹರಿಯಿತು. ಅವರು ಸಂಸತ್ತಿಗೆ ಹೋದರು, ಆಕೆ ಮನೆಯಲ್ಲಿ ಉಳಿದರು. ಪಕ್ಷದೊಳಗಿನ ಜಗಳಕ್ಕೆ ನಮ್ಮೂರೇ ಬೇಕಾ, ಹೇಳಿ!

ಆ ವೈಭವ ಜಾಸ್ತಿ ದಿನ ಉಳಿಯಲಿಲ್ಲ. 2011ರಲ್ಲಿ ಬರ್ಟಿ ನಿಲ್ಲಲಿಲ್ಲ, ಬ್ರೇಡಿ ಸೋತರು. ಅದಾದ ಮೇಲೆ 2024ರವರೆಗಿನ ಯಾವ ಸಾರ್ವತ್ರಿಕ ಚುನಾವಣೆಯಲ್ಲೂ ಆ ಪಕ್ಷಕ್ಕೆ ಇಲ್ಲಿ ಸೀಟು ಸಿಕ್ಕಿಲ್ಲ.

2024ರದ್ದು ಇದರ ತದ್ವಿರುದ್ಧ. ಜೆರಿ ಹಚ್ ಪಕ್ಷೇತರರಾಗಿ ನಿಂತರು. ಈ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು, ಕ್ರೈಂ ಸುದ್ದಿಗಳಿಂದ. ಒಂದು ಕೊಲೆ ಪ್ರಕರಣದಲ್ಲಿ ವಿಚಾರಣೆ ನಡೆದು 2023ರಲ್ಲಿ ಖುಲಾಸೆಯಾಗಿದ್ದರು. ಮೊದಲ ಸುತ್ತಿನಲ್ಲಿ 3 ಸಾವಿರ ದಾಟಿ ಅವರಿಗೆ ನಾಲ್ಕನೇ ಸ್ಥಾನ. ಸೀಟು ನಾಲ್ಕೇ ಅಲ್ವಾ? ಆಫೀಸಿನಲ್ಲಿ ನನ್ನ ಜೊತೆಗಿದ್ದವರೆಲ್ಲ ಗೆದ್ದೇಬಿಟ್ಟರು ಅಂದರು. ಶುಕ್ರವಾರ ಮತದಾನ ಆಗಿತ್ತು. ಭಾನುವಾರದವರೆಗೂ ಎಣಿಕೆ ನಡೆಯಿತು. ಒಬ್ಬೊಬ್ಬರೇ ಹೊರಬಿದ್ದಂತೆ ಅವರ ಮತಗಳು ಹಚ್ ಅವರನ್ನು ದಾಟಿ, ಹಿಂದಿದ್ದ ಲೇಬರ್ ಪಕ್ಷದ ಮರೀ ಶೆರ್ಲಾಕ್ ಕಡೆ ಹೋದವು. ಕೊನೆಯ ಸೀಟು ಶೆರ್ಲಾಕ್ ಪಾಲಾಯಿತು. ಉಳಿದ ಮೂರು ಶಿನ್ ಫೇನ್ ಪಕ್ಷದ ನಾಯಕಿ ಮೇರಿ ಲೂ ಮ್ಯಾಕ್‌ಡೊನಾಲ್ಡ್, ಆಗ ಮಂತ್ರಿಯಾಗಿದ್ದ ಪಾಸ್ಕಲ್ ಡೊನಹೂ, ಸೋಷಿಯಲ್ ಡೆಮಾಕ್ರಾಟ್ಸ್‌ನ ಗ್ಯಾರಿ ಗ್ಯಾನನ್ ಅವರಿಗೆ ಹೋದವು.

ಹಚ್ ಅವರನ್ನು ಇಷ್ಟಪಟ್ಟವರು ನೇರವಾಗಿ 1 ಬರೆದರು. ಉಳಿದವರಲ್ಲಿ ಹೆಚ್ಚಿನವರು ಅವರ ಹೆಸರಿನ ಮುಂದೆ ಯಾವ ನಂಬರನ್ನೂ ಬರೆಯಲಿಲ್ಲ. ಶೆರ್ಲಾಕ್‌ಗೆ ಬಹಳ ಜನ 3 ಅಥವಾ 4 ಬರೆದಿದ್ದರು. ನಮ್ಮ ಲೋಕಸಭೆ ಚುನಾವಣೆಯ ಪದ್ಧತಿ ಇದ್ದಿದ್ದರೆ ಆ 3, 4ಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಹಾಗಂತ ಪಕ್ಷವಿಲ್ಲದವರಿಗೆ ಇಲ್ಲಿ ಜಾಗವಿಲ್ಲ ಅಂತಲ್ಲ. ಟೋನಿ ಗ್ರೆಗರಿ ಕಥೆ ಕೇಳಿ. ಮೇಷ್ಟ್ರು, ಇದೇ ಓಣಿಗಳ ಹುಡುಗ, ಸಂಸತ್ತಿಗೂ ಟೈ ಕಟ್ಟದೆ ಹೋಗುತ್ತಿದ್ದವರು. 1982ರ ಫೆಬ್ರುವರಿಯಲ್ಲಿ ಪಕ್ಷೇತರರಾಗಿ ಗೆದ್ದರು. ಯಾರಿಗೂ ಬಹುಮತ ಇರಲಿಲ್ಲ. ಪ್ರಧಾನಿಯಾಗಲು ಹೊರಟಿದ್ದ ಚಾರ್ಲ್ಸ್ ಹಾಹಿ ತಾವೇ ಇವರ ಸಮ್ಮರ್‌ಹಿಲ್ ಆಫೀಸಿಗೆ ಹುಡುಕಿಕೊಂಡು ಬಂದರು. ಗ್ರೆಗರಿ ಮಂತ್ರಿಗಿರಿ ಕೇಳಲಿಲ್ಲ. ಕ್ಷೇತ್ರಕ್ಕೆ 440 ಹೊಸ ಮನೆ, ಕೆಲಸವಿಲ್ಲದವರಿಗೆ ಕೆಲಸ, ಬಂದರಿನ 27 ಎಕರೆ ಸರ್ಕಾರದ ಕೈಗೆ, ಹೀಗೆ ಪಟ್ಟಿ ಬರೆಸಿ, ಸಹಿ ಹಾಕಿಸಿ, ಸಂಸತ್ತಿನಲ್ಲೇ ಓದಿದರು. ಇಲ್ಲಿಯವರು ಇವತ್ತಿಗೂ ಅದನ್ನು ಗ್ರೆಗರಿ ಡೀಲ್ ಅಂತಲೇ ಕರೆಯುತ್ತಾರೆ. ಅದೇ ವರ್ಷ ನವೆಂಬರಿನಲ್ಲಿ ಸರ್ಕಾರ ಬಿತ್ತು, ಪಟ್ಟಿಯಲ್ಲಿ ಎಷ್ಟೋ ಹಾಗೇ ಉಳಿಯಿತು. ಗ್ರೆಗರಿ ಮಾತ್ರ 2009ರ ಜನವರಿಯಲ್ಲಿ ತೀರಿಹೋಗುವವರೆಗೂ ಸೋಲಲಿಲ್ಲ. ಕ್ಷೇತ್ರದ ಅರ್ಧ ಜನ ಒಪ್ಪಬೇಕು ಅಂತಿದ್ದರೆ ಅಂಥವರು ಬರುತ್ತಿದ್ದರಾ ಅಂತ ನನಗೆ ಅನುಮಾನ.

ಇವಿಎಂ ಯಾಕಿಲ್ಲ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಅದಕ್ಕೂ ಈಗಲೇ ಉತ್ತರ ಹೇಳಿಬಿಡುತ್ತೇನೆ. ಬರ್ಟಿ ಕಾಲದಲ್ಲಿ ಸುಮಾರು 5 ಕೋಟಿ ಯೂರೊ ಸುರಿದು ಯಂತ್ರ ತಂದರು. 2002ರಲ್ಲಿ ಬೇರೆ ಮೂರು ಕ್ಷೇತ್ರಗಳಲ್ಲಿ ಪ್ರಯೋಗ ಆಯಿತು. ಜನ ನಂಬಲಿಲ್ಲ. ಗೋಡೌನಿನಲ್ಲಿ ಧೂಳು ತಿಂದು, 2012ರಲ್ಲಿ ಗುಜರಿಗೆ ಹೋದವು. ಪೆನ್ಸಿಲ್ ಉಳಿಯಿತು.

ನನ್ನ ಬಗ್ಗೆ: ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್, ಹಾಗಾಗಿ ಸಂಸತ್ ಚುನಾವಣೆಯಲ್ಲಿ ನನಗೆ ವೋಟಿಲ್ಲ. ಸ್ಥಳೀಯ ಚುನಾವಣೆಯಲ್ಲಿ ಮಾತ್ರ ಇಲ್ಲಿ ವಾಸವಿರುವ ಯಾವ ದೇಶದವರೂ ಹೆಸರು ನೋಂದಾಯಿಸಿ ಮತ ಹಾಕಬಹುದು. ಇದು ಗೊತ್ತಿಲ್ಲದ ಕನ್ನಡಿಗರು ಇಲ್ಲಿ ಬಹಳ ಇದ್ದಾರೆ. 2024ರ ಜೂನ್‌ನಲ್ಲಿ ಮೊದಲ ಸಲ ಹಾಕಿದೆ. ಅದಕ್ಕೆ ಒಂದು ವಾರ ಮುಂಚೆ ಸಂಜೆ ಮಳೆಯಲ್ಲಿ ಒಬ್ಬ ಅಭ್ಯರ್ಥಿ ಬಾಗಿಲು ತಟ್ಟಿದರು. ನಾನು ಸಂಕೋಚದಿಂದ, "ನನ್ನ ಮೊದಲ ಮತ ಬೇರೆಯವರಿಗೆ" ಅಂದೆ. ಅವರಿಗೆ ಬೇಜಾರೇ ಆಗಲಿಲ್ಲ. "ಪರವಾಗಿಲ್ಲ, ಎರಡು ನನಗೆ ಕೊಡ್ತೀರಾ?" ಅಂತ ಕೇಳಿದರು. ಅವರಿಗೆ ಮೂರು ಕೊಟ್ಟೆ.