ಜನರೇಟರ್ ಅನ್ನು ಸಾಕೆಟ್‌ಗೆ ಚುಚ್ಚಬೇಡಿ

ಎರಡೂ ತುದಿಗೆ ಪ್ಲಗ್ ಇರುವ ವೈರ್ ಹಾಕಿ 2.5 ಕೆವಿಎ ಜನರೇಟರ್‌ನಿಂದ ಮನೆಯ ಸಾಕೆಟ್‌ಗೆ ಕರೆಂಟ್ ಕೊಡಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಮೇನ್ ಸ್ವಿಚ್ ಆಫ್ ಮಾಡಲು ಒಮ್ಮೆ ಮರೆತರೂ ಕರೆಂಟ್ ಹೊರಗಿನ ಲೈನ್‌ಗೆ ಹೋಗುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರ್ ಆ 230 ವೋಲ್ಟನ್ನು ಸಾವಿರಾರು ವೋಲ್ಟ್‌ಗೆ ಏರಿಸಬಲ್ಲದು. ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮನ್‌ಗೆ ಅದು ಗೊತ್ತೇ ಆಗುವುದಿಲ್ಲ. ಮನೆಯೊಳಗೂ ಅಷ್ಟೇ: ಪ್ಲಗ್ ಕಳಚಿ ಬಂದರೆ ಬರೀ ಪಿನ್‌ಗಳಲ್ಲೇ ಕರೆಂಟ್. ಮಕ್ಕಳಿರುವ ಮನೆ ಅಂದಿದ್ದೀರಿ ಅಲ್ವಾ?

ಮೀಟರ್ ಮತ್ತು ಡಿಬಿ (ಮನೆಯ ಫ್ಯೂಸ್, ಎಂಸಿಬಿಗಳಿರುವ ಬೋರ್ಡ್) ನಡುವೆ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಅದು ಒಂದು ಸಲಕ್ಕೆ ಹೊರಗಿನ ಲೈನ್ ಅಥವಾ ಜನರೇಟರ್, ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುತ್ತದೆ. ನಿಮ್ಮದು ಸಿಂಗಲ್ ಫೇಸ್ ಕನೆಕ್ಷನ್ ಆದ್ದರಿಂದ ಎರಡು ಪೋಲ್‌ನದ್ದೇ ಇರಲಿ, ಫೇಸ್ ಜತೆ ನ್ಯೂಟ್ರಲ್ ಕೂಡ ಬದಲಾಗಬೇಕು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ, ಅರ್ತಿಂಗ್ ಕೂಡ ನೋಡಿಸಿ. ಗೀಸರ್‌ ಜನರೇಟರ್‌ನಲ್ಲಿ ಓಡಿಸಬೇಡಿ, ಲೋಡ್ ಜಾಸ್ತಿ ಆಗುತ್ತದೆ. ಜನರೇಟರ್ ಮನೆಯ ಹೊರಗೆ, ಕಿಟಕಿಯಿಂದ ದೂರ ಇರಲಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲ.