ಕೂತರೆ ಸಿಡಿಯುವ ತಲೆ, ಬೆನ್ನಲ್ಲುಳಿದ ವೈರು

(ಈ ಸಂಚಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಹಿರಿಯ ಅರಿವಳಿಕೆ ತಜ್ಞೆಯೊಬ್ಬರ ಉತ್ತರ)

ಪ್ರಶ್ನೆ: ಮಗಳ ಚೊಚ್ಚಲ ಹೆರಿಗೆಯಲ್ಲಿ ನೋವು ತಿಳಿಯದಿರಲೆಂದು ಬೆನ್ನಿಗೆ ಎಪಿಡ್ಯೂರಲ್ ವೈರು ಹಾಕಿದ್ದರು. ಮನೆಗೆ ಬಂದ ಮೇಲೆ ವಿಪರೀತ ತಲೆನೋವು, ಕತ್ತು ಬಿಗಿತ. ಬಾಣಂತಿಗೆ ಶೀತವಾಗಿದೆ ಎಂದು ನಮ್ಮ ಅತ್ತೆಯವರು ಅವಳ ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿದ್ದಾರೆ. ಕೂತು ಮಗುವಿಗೆ ಹಾಲೂಡಿಸಲೂ ಆಗುತ್ತಿಲ್ಲ.
– ಒಬ್ಬ ತಾಯಿ, ಶಿರಸಿ

ಉತ್ತರ: ನಿಮ್ಮ ಪತ್ರ ಬಂದ ದಿನವೇ ಸಂಪಾದಕರು ಅದನ್ನು ಫೋನಿನಲ್ಲಿ ನನಗೆ ಓದಿ ಹೇಳಿದರು. ಅಚ್ಚಾಗುವವರೆಗೆ ಕಾಯುವ ಪ್ರಶ್ನೆ ಇದಾಗಿರಲಿಲ್ಲ. ಆಗ ನಾನು ನಿಮ್ಮನ್ನು ಕೇಳಿದ್ದು ಒಂದೇ ಮಾತು: ಮಲಗಿದರೆ ಏನಾಗುತ್ತದೆ? "ಮಲಗಿದರೆ ಇಳಿಯುತ್ತದೆ, ಎದ್ದರೆ ಮತ್ತೆ ಸಿಡಿಯುತ್ತದೆ" ಎಂದಿರಿ. ಅಲ್ಲಿಗೆ ಶೀತದ ಮಾತು ಮುಗಿಯಿತು. ಅತ್ತೆಯವರ ಹತ್ತಿಯಿಂದ ಕೆಡುಕೇನೂ ಇಲ್ಲ, ಆದರೆ ತೂತಾಗಿರುವುದು ಬೆನ್ನಿನಲ್ಲಿ.

ಬೆನ್ನುಹುರಿಯ ಸುತ್ತ ನೀರಿನಂಥ ದ್ರವವಿದೆ, ಅದನ್ನು ಹಿಡಿದಿಟ್ಟಿರುವ ಗಟ್ಟಿ ಪೊರೆಯಿದೆ. ಎಪಿಡ್ಯೂರಲ್‌ನಲ್ಲಿ ನಾವು ಆ ಪೊರೆಯ ಹೊರಗೇ ನಿಲ್ಲಬೇಕು. ಸೂಜಿ ಸರಿಯಾದ ಜಾಗಕ್ಕೆ ಬಂದಾಗ ಸಿರಿಂಜನ್ನು ಒತ್ತುತ್ತಿರುವ ಹೆಬ್ಬೆರಳಿನಡಿ ಬಿಗಿ ತಟ್ಟನೆ ಸಡಿಲವಾಗುತ್ತದೆ. ಅಲ್ಲಿಂದ ಕೆಲವೇ ಮಿಲಿಮೀಟರ್ ಮುಂದೆ ಹೋದರೂ ಪೊರೆ ತೂತಾಗುತ್ತದೆ. ಹೆರಿಗೆಯ ಎಪಿಡ್ಯೂರಲ್‌ಗಳಲ್ಲಿ ಹೆಚ್ಚುಕಡಿಮೆ ನೂರಕ್ಕೊಂದು ಹೀಗಾಗುತ್ತದೆ. ನನ್ನ ಕೈಯಲ್ಲೂ ಆಗಿದೆ. ಆ ತೂತಿನಿಂದ ದ್ರವ ಸೋರಿ, ಎದ್ದು ಕೂತಾಗ ಮೆದುಳಿಗೆ ಆಸರೆ ಸಾಲದೆ ತಲೆ ಜಗ್ಗಿ ನೋಯುತ್ತದೆ. 1898ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಆಗಸ್ಟ್ ಬಿಯರ್ ತನ್ನ ಸಹಾಯಕನಿಂದ ತನ್ನ ಬೆನ್ನಿಗೇ ಸೂಜಿ ಚುಚ್ಚಿಸಿಕೊಂಡು, ಇದೇ ತಲೆನೋವಿನಿಂದ ಒಂದು ವಾರಕ್ಕೂ ಹೆಚ್ಚು ಕಾಲ ಹಾಸಿಗೆ ಹಿಡಿದಿದ್ದ. ಮಲಗಿದರೆ ಕಡಿಮೆ ಎಂದು ಅವನೇ ಬರೆದಿಟ್ಟಿದ್ದಾನೆ.

ಬಹಳ ಸಲ ಇದು ವಾರ, ಹತ್ತು ದಿನಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಕಾಫಿಯಿಂದ ಸ್ವಲ್ಪ ಹೊತ್ತು ಹಾಯೆನಿಸಬಹುದು. ಬಿಂದಿಗೆಗಟ್ಟಲೆ ನೀರು ಕುಡಿದರೆ ತೂತು ಮುಚ್ಚುವುದಿಲ್ಲ. ಮಗುವನ್ನು ಎತ್ತಲೂ ಆಗದಷ್ಟು ನೋವಿದ್ದರೆ ಬ್ಲಡ್ ಪ್ಯಾಚ್ ಎಂಬುದೊಂದಿದೆ: ಬಾಣಂತಿಯ ತೋಳಿನಿಂದ ಸುಮಾರು 20 ಮಿಲಿಲೀಟರ್ ರಕ್ತ ತೆಗೆದು, ಅದನ್ನೇ ಬೆನ್ನಿನ ಪೊರೆಯ ಹೊರಗೆ ಬಿಡುವುದು. ರಕ್ತ ಹೆಪ್ಪುಗಟ್ಟಿ ತೂತಿಗೆ ತೇಪೆಯಾಗುತ್ತದೆ. ಒಮ್ಮೊಮ್ಮೆ ಎರಡನೇ ಸಲ ಮಾಡಬೇಕಾಗುತ್ತದೆ. ನಿಮ್ಮ ಮಗಳಿಗೆ ಒಂದರಲ್ಲೇ ಮುಗಿಯಿತೆಂದು ನೀವು ಮರುದಿನ ತಿಳಿಸಿದಿರಿ, ಸಂತೋಷ.

ಇದನ್ನು ಓದುವ ಬೇರೆ ಮನೆಗಳವರಿಗೂ ಒಂದು ಮಾತು. ಮಲಗಿದರೂ ಇಳಿಯದ ತಲೆನೋವು, ಜ್ವರ, ಫಿಟ್ಸ್, ಕಣ್ಣು ಮಂಜಾಗುವುದು, ಒಂದು ಬದಿಯ ಕೈಕಾಲಿನಲ್ಲಿ ಬಲವಿಲ್ಲದಿರುವುದು – ಇವುಗಳ ಕಾರಣ ಬೇರೆ, ಅಪಾಯವೂ ಹೆಚ್ಚು. ಬಾಣಂತಿಯ ಬಿ.ಪಿ. ಏರಿರಬಹುದು, ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು. ಅದೇ ರಾತ್ರಿ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ತಂದೆಯವರ ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಬೆನ್ನಿನ ವೈರು ತೆಗೆಯುವಾಗ ತುದಿ ಒಳಗೇ ತುಂಡಾಯಿತು. "ಹಾಗೇ ಇರಲಿ, ತೊಂದರೆಯಿಲ್ಲ" ಎನ್ನುತ್ತಾರೆ ವೈದ್ಯರು. ತಪ್ಪು ಮುಚ್ಚಿಕೊಳ್ಳುತ್ತಿದ್ದಾರೆಯೇ?
– ಹಾಸನದ ಓದುಗ

ಉತ್ತರ: ಮುಚ್ಚಿಕೊಳ್ಳುವವರು ತುಂಡಾದ ಸುದ್ದಿಯನ್ನೇ ಹೇಳುತ್ತಿರಲಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದಾಗ ನಾನೂ ಒಂದು ತುದಿ ಕತ್ತರಿಸಿದ್ದೇನೆ. ಸೂಜಿಯೊಳಗಿಂದ ತೂರಿಸುತ್ತಿದ್ದ ವೈರು ಮುಂದೆ ಸರಿಯಲಿಲ್ಲ, ಸೂಜಿ ಒಳಗಿರುವಂತೆಯೇ ಅದನ್ನು ಹಿಂದಕ್ಕೆಳೆದೆ. ಸೂಜಿಯ ಬಾಯಿ ಈಳಿಗೆಯಂತೆ ಕೊಯ್ದುಬಿಟ್ಟಿತು. ಎರಡನ್ನೂ ಒಟ್ಟಿಗೆ ತೆಗೆಯಬೇಕೆಂಬ ಮೊದಲ ಪಾಠವನ್ನು ಮರೆತಿದ್ದೆ. ರೋಗಿಗೆ ನೀನೇ ಹೋಗಿ ಹೇಳು ಎಂದರು ನನ್ನ ಗುರುಗಳು. ಆ ವಾರ್ಡಿನ ಬಾಗಿಲಲ್ಲಿ ನಿಂತ ಎರಡು ನಿಮಿಷ ಇನ್ನೂ ನೆನಪಿದೆ.

ತುಂಡು ಶುದ್ಧವಾದ ಪ್ಲಾಸ್ಟಿಕ್, ದೇಹ ಅದನ್ನು ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಹುಡುಕಿ ತೆಗೆಯಲು ಬೆನ್ನು ಕೊಯ್ದರೆ ಅದರಿಂದಲೇ ಹೆಚ್ಚು ಹಾನಿಯಾದೀತು. ಆದರೆ ಡಿಸ್ಚಾರ್ಜ್ ಕಾಗದದಲ್ಲಿ ಎಷ್ಟು ಸೆಂಟಿಮೀಟರ್ ಉಳಿದಿದೆ, ಯಾವ ಬಗೆಯ ಕ್ಯಾಥೆಟರ್ (ನಾವು ವೈರು ಎನ್ನುವ ಆ ಸಣ್ಣ ಕೊಳವೆ) ಎಂದು ಬರೆಸಿಕೊಳ್ಳಿ. ಕೆಲವು ಕ್ಯಾಥೆಟರ್‌ಗಳ ಒಳಗೆ ಉಕ್ಕಿನ ಸಣ್ಣ ಸುರುಳಿಯಿರುತ್ತದೆ. ಮುಂದೆಂದಾದರೂ ಎಂಆರ್‌ಐ ಮಾಡಿಸುವಾಗ ಮೊದಲೇ ಹೇಳಬೇಕು. ಕಾಲಿಗೆ ಇಳಿಯುವ ನೋವು, ಮರಗಟ್ಟುವಿಕೆ, ಜ್ವರ, ಚುಚ್ಚಿದ ಜಾಗದಿಂದ ಸೋರಿಕೆ ಕಂಡರೆ ಮಾತ್ರ ತೆಗೆಯುವ ಮಾತು ಬರುತ್ತದೆ.

ಪ್ರಶ್ನೆ: ಮಗ ಈಗ ಎಂಟನೇ ತರಗತಿ. ಅವನ ಹೆರಿಗೆಯಲ್ಲಿ ಬೆನ್ನಿಗೆ ಚುಚ್ಚಿದ್ದರಿಂದಲೇ ನನಗೆ ಇಂದಿಗೂ ಸೊಂಟನೋವೇ?
– ಗೃಹಿಣಿ, ದಾವಣಗೆರೆ

ಉತ್ತರ: ಅಲ್ಲ. ಚುಚ್ಚಿದ ಜಾಗ ಕೆಲವು ದಿನ ನೋಯುತ್ತದೆ, ಅಷ್ಟೇ. ಹದಿಮೂರು ವರ್ಷ ಮಗುವನ್ನೂ ಸಿಲಿಂಡರನ್ನೂ ಎತ್ತಿದ ಸೊಂಟವನ್ನು ಮೂಳೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಹೃದಯಕ್ಕೆ ಸ್ಟೆಂಟ್ ಹಾಕಿದೆ, ಕ್ಲೋಪಿಡೋಗ್ರೆಲ್ ಮಾತ್ರೆ ನುಂಗುತ್ತೇನೆ. ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಗೆ ಎಪಿಡ್ಯೂರಲ್ ಕೊಡುತ್ತಾರಂತೆ. ಮಾತ್ರೆಯ ವಿಷಯ ಹೇಳಬೇಕೇ?
– ನಿವೃತ್ತ ಶಿಕ್ಷಕ, ಧಾರವಾಡ

ಉತ್ತರ: ಮಾತ್ರೆಯ ಪಟ್ಟಿ ಸಮೇತ ಹೇಳಿ ಮೇಷ್ಟ್ರೇ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಯಿರುವಾಗ ಸೂಜಿಯಾಗಲಿ ವೈರಾಗಲಿ ಸಣ್ಣ ರಕ್ತನಾಳಕ್ಕೆ ತಾಗಿದರೆ, ರಕ್ತ ಒಳಗೇ ತುಂಬಿ ಬೆನ್ನುಹುರಿಯನ್ನು ಅದುಮಬಹುದು. ಅಪರೂಪ, ಆದರೆ ನಾನು ಹೆದರುವುದು ಇದಕ್ಕೇ. ಕ್ಲೋಪಿಡೋಗ್ರೆಲನ್ನು ಸಾಮಾನ್ಯವಾಗಿ ಐದರಿಂದ ಏಳು ದಿನ ಮೊದಲೇ ನಿಲ್ಲಿಸುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ, ಸ್ಟೆಂಟ್ ಮುಚ್ಚಿಕೊಂಡೀತು. ಹೃದಯ ವೈದ್ಯರೂ ಅರಿವಳಿಕೆಯವರೂ ಮಾತಾಡಿಕೊಂಡು ತೀರ್ಮಾನಿಸಲಿ. ಎಪಿಡ್ಯೂರಲ್ ಬೇಡವೆಂದರೆ ಬೇರೆ ದಾರಿಗಳಿವೆ.

ವೈರು ಹಾಕುವಾಗಿನಷ್ಟೇ ತೆಗೆಯುವಾಗಲೂ ಈ ಅಪಾಯವಿದೆ. ಆದ್ದರಿಂದ ವೈರು ತೆಗೆದ ಮೇಲೆ ಕಾಲು ಮಡಚಿ ನೋಡುತ್ತಿರಿ. ಮರಳಿ ಬಂದಿದ್ದ ಬಲ ಕುಗ್ಗಿದರೆ, ಬೆನ್ನು ತೀವ್ರವಾಗಿ ನೋಯತೊಡಗಿದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಎಂದು ಕಾಯದೆ ನರ್ಸನ್ನು ಎಬ್ಬಿಸಿ. ತುರ್ತು ಎಂಆರ್‌ಐ ಮಾಡಿಸಿ, ಲಕ್ಷಣ ಕಂಡ ಎಂಟು ಗಂಟೆಗಳೊಳಗೆ ಬೆನ್ನುಹುರಿಯ ಮೇಲಿನ ಒತ್ತಡ ಇಳಿಸಿದರೆ ಕಾಲು ಉಳಿಯುವ ಸಾಧ್ಯತೆ ಹೆಚ್ಚು.